ಓಕ್ ಪಾರ್ಕಿನ ಕಾಂಕ್ರೀಟ್ ಗುಡಿ, ಅಜ್ಜಿಯ ಮಂಡಿನೋವು

ನನ್ನ ಮನೆಯವಳಿಗೆ ಈಗ ಎಲ್ಲ ಜಾಗಗಳೂ ಮೆಟ್ಟಿಲುಗಳ ಲೆಕ್ಕದಲ್ಲೇ ನೆನಪಿರುತ್ತವೆ. ಚಾಮುಂಡಿಬೆಟ್ಟವೆಂದರೆ ಸಾವಿರ ಮೆಟ್ಟಿಲು. ಶ್ರವಣಬೆಳಗೊಳವೆಂದರೆ ಆರುನೂರಕ್ಕೂ ಮೇಲೆ. ಅವಳ ತಂಗಿಯ ಹೊಸ ಮನೆಯೆಂದರೆ ಹದಿನೆಂಟು, ಅದೂ ಹಿಡಿದುಕೊಳ್ಳಲು ಕಂಬಿ ಇಲ್ಲ. ಎಲ್ಲಿಗೆ ಹೊರಡೋಣವೆಂದರೂ ಅವಳ ಮೊದಲ ಪ್ರಶ್ನೆ ಒಂದೇ: “ಎಷ್ಟು ಮೆಟ್ಟಿಲಿದೆಯಂತೆ, ಸ್ವಲ್ಪ ವಿಚಾರಿಸಿ.” ಮಂಡಿನೋವು ಬಂದು ಆರು ವರ್ಷವಾಯಿತು. ಮೊದಮೊದಲು ನಾನು ನಗುತ್ತಿದ್ದೆ. ಈಗ ನನಗೂ ಎಪ್ಪತ್ನಾಲ್ಕು. ಅವಳು ಬಾಯಿಬಿಟ್ಟು ಎಣಿಸುತ್ತಾಳೆ, ನಾನು ಮನಸ್ಸಿನಲ್ಲೇ ಎಣಿಸುತ್ತೇನೆ, ಅಷ್ಟೇ.

ಒಂದು ಬೇಸಿಗೆಯಲ್ಲಿ ನಾವಿಬ್ಬರೂ ಮಗಳ ಮನೆಗೆಂದು ಅಮೆರಿಕದ ಷಿಕಾಗೊಗೆ ಹೋಗಿದ್ದೆವು. ಅಲ್ಲಿ ಶಾಲೆಗೆ ರಜೆ ಜೂನ್‌ನಿಂದ ಆಗಸ್ಟ್‌ವರೆಗೆ. ಮೊಮ್ಮಗಳು ಪುಟ್ಟಿಗೆ ಹನ್ನೊಂದು ವರ್ಷ. ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸಿ ಮನೆ, ಸೇತುವೆ ಕಟ್ಟುವುದೆಂದರೆ ಊಟವೂ ಬೇಡ ಅವಳಿಗೆ. ಒಂದು ಬೆಳಿಗ್ಗೆ ಬಂದು ನನ್ನ ಪಕ್ಕ ಕುಳಿತಳು.

“ತಾತ, ಇಲ್ಲಿ ಓಕ್ ಪಾರ್ಕ್ ಅನ್ನೋ ಊರಲ್ಲಿ ಒಂದು ಚರ್ಚ್ ಇದೆ. ಅದಕ್ಕೆ ಗೋಪುರ ಇಲ್ಲ. ರಸ್ತೆ ಕಡೆಗೆ ಬಾಗಿಲೂ ಇಲ್ಲ. ಪೂರ್ತಿ ಕಾಂಕ್ರೀಟು. ಕಟ್ಟಿ ನೂರು ವರ್ಷದ ಮೇಲಾಯ್ತು. ಹೋಗೋಣ ಬನ್ನಿ.”

ಒಳಗಿನಿಂದ ಅಜ್ಜಿಯ ದನಿ ಬಂತು: “ಎಷ್ಟು ಮೆಟ್ಟಿಲಂತೆ?”

ಓಕ್ ಪಾರ್ಕ್ ಷಿಕಾಗೊ ನಗರದ ಪಶ್ಚಿಮಕ್ಕೆ ಅಂಟಿಕೊಂಡಿರುವ ಊರು. ರಸ್ತೆಯ ಎರಡೂ ಬದಿಗೆ ದೊಡ್ಡ ಮರಗಳು, ನೆರಳು, ಮನೆಗಳ ಮುಂದೆ ಹುಲ್ಲುಹಾಸು. ಇಂಗ್ಲಿಷ್ ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೆ ಹುಟ್ಟಿದ್ದು ಈ ಊರಿನಲ್ಲೇ, 1899ರಲ್ಲಿ. ಆದರೆ ಪ್ರವಾಸಿಗರು ಇಲ್ಲಿಗೆ ಹೆಚ್ಚಾಗಿ ಬರುವುದು ಇನ್ನೊಬ್ಬನ ಹೆಸರು ಕೇಳಿ. ಅವನು ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ಹುಟ್ಟಿದ್ದು 1867ರಲ್ಲಿ, ತೀರಿಕೊಂಡದ್ದು 1959ರಲ್ಲಿ. ಸುಮಾರು ಇಪ್ಪತ್ತು ವರ್ಷ ಇದೇ ಊರಿನಲ್ಲಿ ಮನೆ ಕಟ್ಟಿಕೊಂಡು, ಮನೆಗೆ ಸೇರಿದಂತೆಯೇ ಕಚೇರಿ ಇಟ್ಟುಕೊಂಡು ಕೆಲಸ ಮಾಡಿದ.

ಮಕ್ಕಳೇ, ಈ ರೈಟ್ ಚಿಕ್ಕವನಾಗಿದ್ದಾಗ ಅವನ ತಾಯಿ ಮರದ ತುಂಡುಗಳ ಒಂದು ಆಟಿಕೆ ತಂದುಕೊಟ್ಟರು. ಶಿಶುವಿಹಾರಗಳನ್ನು ಮೊದಲು ಆರಂಭಿಸಿದ ಜರ್ಮನಿಯ ಫ್ರೋಬೆಲ್ ರೂಪಿಸಿದ ಆಟಿಕೆ ಅದು. ಚೌಕ, ಉದ್ದನೆಯ ಪಟ್ಟಿ, ಗೋಲ, ತ್ರಿಕೋನ. ಆ ಮರದ ತುಂಡುಗಳ ಸ್ಪರ್ಶ ತನ್ನ ಬೆರಳುಗಳಲ್ಲಿ ಕೊನೆಯವರೆಗೂ ಉಳಿದಿತ್ತೆಂದು ಅವನು ಮುಪ್ಪಿನಲ್ಲೂ ಹೇಳುತ್ತಿದ್ದನಂತೆ. ನಿಮ್ಮ ಅಪ್ಪ ಅಮ್ಮ “ಆಟ ಸಾಕು, ಎತ್ತಿಡು” ಎಂದರೆ ಈ ಕತೆ ಹೇಳಿ ನೋಡಿ. ಕೆಲಸ ಮಾಡಿದರೂ ಮಾಡಬಹುದು.

ಅಳಿಯ ನಮ್ಮನ್ನು ಲೇಕ್ ಸ್ಟ್ರೀಟ್ ಎಂಬ ಮುಖ್ಯ ರಸ್ತೆಯಲ್ಲಿ ಇಳಿಸಿ ಕಾರು ನಿಲ್ಲಿಸಲು ಹೋದರು. ಎದುರಿಗೆ ಕಟ್ಟಡ. ಹೆಸರು ಯೂನಿಟಿ ಟೆಂಪಲ್, ಐಕ್ಯ ಮಂದಿರ. ನಿಜ ಹೇಳಬೇಕೆಂದರೆ, ಮೊದಲ ನೋಟಕ್ಕೆ ನನಗೆ ಬ್ಯಾಂಕಿನ ಸ್ಟ್ರಾಂಗ್ ರೂಮ್ ನೆನಪಾಯಿತು. ಬೂದು ಬಣ್ಣದ ದಪ್ಪ ಗೋಡೆಗಳು. ಕೆಳಗೆಲ್ಲೂ ಕಿಟಕಿಯಿಲ್ಲ. ತೀರಾ ಮೇಲೆ, ಚಾಚಿಕೊಂಡ ಚಪ್ಪಟೆ ಸೂರಿನ ಕೆಳಗೆ, ಸಾಲು ಕಂಬಗಳು, ಅವುಗಳ ಹಿಂದೆ ಗಾಜು. ಪುಟ್ಟಿ ಓಡಿಹೋಗಿ ಒಂದು ಸುತ್ತು ಹಾಕಿ ಬಂದಳು. “ತಾತ, ಬಾಗಿಲು ಸಿಕ್ತು! ಪಕ್ಕದಲ್ಲಿ ಅಡಗಿಕೊಂಡಿದೆ.”

ರಸ್ತೆಯಿಂದ ತಿರುಗಿ, ಗೋಡೆಯ ಪಕ್ಕದಲ್ಲೇ ನಡೆದು, ಮೆಟ್ಟಿಲೇರಿ, ಮತ್ತೆ ತಿರುಗಿದರೆ ಬಾಗಿಲು. ಅದರ ಮೇಲೆ ಲೋಹದ ಅಕ್ಷರಗಳಲ್ಲಿ ಬರೆದಿದೆ. ದೇವರ ಆರಾಧನೆಗಾಗಿ, ಮನುಷ್ಯರ ಸೇವೆಗಾಗಿ ಈ ಮನೆ ಎಂಬ ಅರ್ಥ. ಎಡಕ್ಕೂ ಬಲಕ್ಕೂ ಎರಡು ಕಟ್ಟಡ, ನಡುವೆ ಈ ಪ್ರವೇಶದ ಹಜಾರ. ಒಂದು ಕಡೆ ಪ್ರಾರ್ಥನೆಯ ಮಂದಿರ. ಇನ್ನೊಂದು ಕಡೆ ಮಕ್ಕಳ ಪಾಠ, ಊಟ, ಸಭೆಗಳಿಗೆಂದು ಕಟ್ಟಿದ ‘ಯೂನಿಟಿ ಹೌಸ್’. ದೇವರ ಆರಾಧನೆ ಒಂದು ಕಡೆ, ಮನುಷ್ಯರ ಸೇವೆ ಇನ್ನೊಂದು ಕಡೆ. ಬಾಗಿಲು ಮಾತ್ರ ಎರಡಕ್ಕೂ ಒಂದೇ.

ನನ್ನಾಕೆ ಬಾಗಿಲಲ್ಲಿ ಅತ್ತಿತ್ತ ನೋಡುತ್ತ ನಿಂತಳು. “ಚಪ್ಪಲಿ ಎಲ್ಲಿ ಬಿಡೋದು?” ಬಿಡಬೇಕಿಲ್ಲವೆಂದು ಪುಟ್ಟಿ ಎಷ್ಟು ಹೇಳಿದರೂ ಒಳಗೆ ಹೋಗುವವರೆಗೂ ಅವಳಿಗೆ ಇರುಸುಮುರುಸು.

ಈ ಕಟ್ಟಡ ಹುಟ್ಟಿದ್ದು ಒಂದು ಸಿಡಿಲಿನಿಂದ. 1905ರ ಜೂನ್ 4ರಂದು ಇಲ್ಲಿನವರ ಹಳೆಯ ಮರದ ಚರ್ಚಿಗೆ ಸಿಡಿಲು ಬಡಿದು ಅದು ಪೂರ್ತಿ ಸುಟ್ಟುಹೋಯಿತು. ಆಗ ರೈಟ್‌ಗೆ ಮೂವತ್ತೆಂಟರ ಆಸುಪಾಸು. ಅವನ ತಾಯಿಯ ಕಡೆಯವರು ಇದೇ ಯೂನಿಟೇರಿಯನ್ ಪಂಥದವರು. ದೇವರು ಒಬ್ಬನೇ ಎಂದು ನಂಬುವ, ಬೇರೆ ಧರ್ಮಗಳ ಮಾತಿಗೂ ಕಿವಿಗೊಡುವ ಪಂಥ ಅದು. ಇಲ್ಲಿ ನಮಗೆ ಹತ್ತಿರದ ಒಂದು ಸಂಗತಿಯಿದೆ. 1893ರಲ್ಲಿ ಇದೇ ಷಿಕಾಗೊದಲ್ಲಿ ಸರ್ವಧರ್ಮ ಸಮ್ಮೇಳನ ನಡೆದದ್ದು, ಸ್ವಾಮಿ ವಿವೇಕಾನಂದರು ಅಲ್ಲಿ ಮಾತಾಡಿದ್ದು ನಿಮಗೆಲ್ಲ ಗೊತ್ತು. ಆ ಸಮ್ಮೇಳನದ ಸಂಘಟನೆಯಲ್ಲಿ ಕಾರ್ಯದರ್ಶಿಯಾಗಿ ದುಡಿದ ಜೆಂಕಿನ್ ಲಾಯ್ಡ್ ಜೋನ್ಸ್ ಈ ರೈಟ್‌ನ ಸೋದರಮಾವ. ಇದನ್ನು ಕೇಳಿದ ಮೇಲೆ ನನ್ನಾಕೆಗೆ ಆ ಬೂದು ಗೋಡೆಗಳ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು.

ಚರ್ಚಿನವರ ಹತ್ತಿರ ಹಣ ಕಡಿಮೆ. ಕಲ್ಲಿನಲ್ಲಿ ಕಟ್ಟಿಸುವ ಶಕ್ತಿಯಿಲ್ಲ. ರೈಟ್ ಹೇಳಿದ: ಕಾಂಕ್ರೀಟಿನಲ್ಲೇ ಕಟ್ಟೋಣ. ಆ ಕಾಲದಲ್ಲಿ ಕಾಂಕ್ರೀಟೆಂದರೆ ಕಾರ್ಖಾನೆಗೆ, ಗೋದಾಮಿಗೆ. ದೇವರ ಮನೆಗೆ ಅದನ್ನು ಬಳಸಿ, ಮೇಲೆ ಕಲ್ಲನ್ನೋ ಇಟ್ಟಿಗೆಯನ್ನೋ ಹೊದಿಸದೆ ಹಾಗೇ ಬಿಡುವುದು ಧೈರ್ಯದ ಮಾತು. ಇನ್ನೊಂದು ಜಾಣತನವನ್ನೂ ಮಾಡಿದ. ಕಾಂಕ್ರೀಟ್ ಸುರಿಯಲು ಮರದ ಅಚ್ಚು ಬೇಕಲ್ಲ, ಖರ್ಚು ಹೆಚ್ಚುವುದು ಅದರಿಂದಲೇ. ಮಂದಿರದ ನಾಲ್ಕೂ ಮುಖ ಒಂದೇ ತರಹ ಇದ್ದರೆ ಅದೇ ಅಚ್ಚನ್ನು ಮತ್ತೆ ಮತ್ತೆ ಬಳಸಬಹುದು. ಹಾಗಾಗಿ ಚೌಕಾಕಾರ. ಅಂದಾಜನ್ನು ಮೀರಿ ಖರ್ಚಾದದ್ದು ಬೇರೆ ಮಾತು. ಅಂದಾಜಿನೊಳಗೆ ಮುಗಿದ ಕಟ್ಟಡವನ್ನು ನಾನು ಬ್ಯಾಂಕಿನಲ್ಲಿದ್ದ ಮೂವತ್ತಾರು ವರ್ಷದಲ್ಲಿ, ಸಾಲದ ಕಡತಗಳ ನಡುವೆ, ಕಂಡದ್ದು ಕಡಿಮೆ. 1906ರಲ್ಲಿ ಶುರುವಾದ ಕೆಲಸ 1908ರಲ್ಲಿ ಬಹುಮಟ್ಟಿಗೆ ಮುಗಿಯಿತು.

ರಸ್ತೆಯ ಕಡೆಗೆ ಕಿಟಕಿ ಏಕಿಲ್ಲ? ಲೇಕ್ ಸ್ಟ್ರೀಟಿನಲ್ಲಿ ಆಗ ಟ್ರಾಮುಗಳು ಓಡುತ್ತಿದ್ದವು. ಆ ಗದ್ದಲ ಒಳಗೆ ಬರಬಾರದೆಂದು ಗೋಡೆಗಳನ್ನು ಮುಚ್ಚಿ, ಬೆಳಕನ್ನು ಮೇಲಿನಿಂದ ತಂದ.

ಒಳಗೆ ಟಿಕೆಟ್ ಪಡೆದೆವು. ಊರಿನವರೇ ಸ್ವಯಂಸೇವಕರಾಗಿ ವಿವರಿಸುತ್ತಾರೆ. ನಮಗೆ ಸಿಕ್ಕವರು ನನ್ನ ವಯಸ್ಸಿನ ಒಬ್ಬ ಹೆಂಗಸು. ನನ್ನಾಕೆಯ ಕೈಯಲ್ಲಿದ್ದ ಊರುಗೋಲು ನೋಡಿ ತಮ್ಮ ನಡಿಗೆಯನ್ನೂ ನಿಧಾನ ಮಾಡಿಕೊಂಡರು. ಹಜಾರದಿಂದ ತಗ್ಗಾದ ಮಾಡಿನ, ಮಬ್ಬು ಬೆಳಕಿನ ಓಣಿಯೊಂದಕ್ಕೆ ಹೊರಳಬೇಕು. ಹಂಪಿಯ ಗುಡಿಗಳಲ್ಲಿ ಗರ್ಭಗುಡಿಯ ಸುತ್ತ ಕತ್ತಲ ಪ್ರದಕ್ಷಿಣೆಯ ದಾರಿ ಇರುತ್ತದಲ್ಲ, ಹಾಗೆ. ತಡವಾಗಿ ಬಂದವರು ಪ್ರಾರ್ಥನೆಗೆ ಅಡ್ಡಿಯಾಗದಂತೆ ಈ ಓಣಿಯಲ್ಲಿ ಬಂದು ಸದ್ದಿಲ್ಲದೆ ಕೂರಬಹುದು. ಅಲ್ಲಿಂದ ತಿರುಗಿ ಕೆಲವು ಮೆಟ್ಟಿಲು ಹತ್ತಬೇಕು. ಪುಟ್ಟಿ ಅಜ್ಜಿಯ ಒಂದು ಕೈ ಹಿಡಿದಳು, ನಾನು ಇನ್ನೊಂದು. ಅಜ್ಜಿ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು, ನಿಂತು, ಹತ್ತಿದಳು. ಕೊನೆಯ ಮೆಟ್ಟಿಲಲ್ಲಿ ತಲೆ ಎತ್ತಿದವಳು, “ಅಯ್ಯೋ ಭಗವಂತ” ಎಂದಳು.

ಮೇಲೆ ಇಡೀ ಮಾಡು ಬೆಳಗುತ್ತಿತ್ತು. ಉದ್ದಕ್ಕೆ ಐದು, ಅಡ್ಡಕ್ಕೆ ಐದು, ಒಟ್ಟು ಇಪ್ಪತ್ತೈದು ಚೌಕದ ಮನೆಗಳು, ಒಂದೊಂದರಲ್ಲೂ ಜೇನುಬಣ್ಣದ ಗಾಜು. ಹೊರಗೆ ಮೋಡವಿದ್ದರೂ ಒಳಗೆ ಬಿಸಿಲು ಬಿದ್ದಂತೆ ಕಾಣಲೆಂದು ರೈಟ್ ಈ ಬಣ್ಣ ಆರಿಸಿದ್ದ. ಗೋಡೆಗಳಿಗೆ ತಿಳಿ ಹಳದಿ, ಹಸಿರು, ಕಂದು. ನಡುವೆ ಮರದ ತೆಳು ಪಟ್ಟಿಗಳು. ಮೂರು ಕಡೆ ಎರಡೆರಡು ಅಂತಸ್ತಿನ ಉಪ್ಪರಿಗೆಗಳು, ನಾಲ್ಕನೆಯ ಕಡೆ ಪ್ರವಚನದ ವೇದಿಕೆ. ಸುಮಾರು ನಾನೂರು ಜನ ಕೂರಬಹುದು. ಆದರೂ ಯಾರೊಬ್ಬರೂ ವೇದಿಕೆಯಿಂದ ತೀರಾ ದೂರ ಇರುವುದಿಲ್ಲ. ನಾನೂರು ಜನರಿದ್ದೂ ಮನೆಯ ನಡುಮನೆಯಲ್ಲಿ ಕುಳಿತ ಹಾಗೆ.

ಹೊರಗೆ ಸುಡುಬಿಸಿಲು. ಒಳಗೆ ತಂಪು. ಎಲ್ಲಿಯೂ ಎಸಿ ಪೆಟ್ಟಿಗೆ ಕಾಣಲಿಲ್ಲ, ಗುರುಗುಟ್ಟುವ ಸದ್ದೂ ಇಲ್ಲ. ಇದೇ ನಾನು ನಿಮಗೆ ಹೇಳಬೇಕೆಂದಿರುವ ಕತೆ.

ಇಷ್ಟು ಚೆಂದದ ಕಟ್ಟಡಕ್ಕೂ ಕಾಯಿಲೆಗಳಿದ್ದವು. ಕಾಂಕ್ರೀಟ್ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಅದಕ್ಕೆಂದು ಈಗಿನ ಕಟ್ಟಡಗಳಲ್ಲಿ ನಡುನಡುವೆ ಸಂದು ಬಿಡುತ್ತಾರೆ. ಸೇತುವೆಯ ಮೇಲೆ ಬಸ್ಸು ಹೋಗುವಾಗ ‘ದಡ್ ದಡ್’ ಎನ್ನುವುದು ಅಂಥ ಸಂದುಗಳೇ. ರೈಟ್ ಇಲ್ಲಿ ಸಂದು ಬಿಟ್ಟಿರಲಿಲ್ಲ. ಗೋಡೆ ಬಿರುಕು ಬಿಟ್ಟಿತು. ಬಿರುಕಿನೊಳಗೆ ನೀರು ಹೋಗಿ ಷಿಕಾಗೊ ಚಳಿಯಲ್ಲಿ ಮಂಜುಗಡ್ಡೆಯಾಯಿತು. ನೀರು ಗಡ್ಡೆಯಾದರೆ ಹಿಗ್ಗುತ್ತದೆಂದು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಬಿರುಕು ಇನ್ನೂ ಅಗಲವಾಯಿತು. ಸೂರುಗಳೋ ಚಪ್ಪಟೆ, ಒಂದೆರಡಲ್ಲ, ಬೇರೆಬೇರೆ ಎತ್ತರದಲ್ಲಿ ಹದಿನಾರು. ನಮ್ಮ ಮಲೆನಾಡಿನವರು ನೋಡಿದ್ದರೆ, “ಇಳಿಜಾರು ಇಲ್ಲದ ಮಾಡು ಸೋರದೆ ಇರುತ್ತದೆಯೇ?” ಎಂದು ಕೇಳುತ್ತಿದ್ದರು. ಸೋರಿತು. 1970ರ ದಶಕದಲ್ಲಿ ಹೊರಗೋಡೆಗೆ ಹೊಸ ಸಿಮೆಂಟಿನ ಪದರ ಹೊಡೆದರು. ಸೋರುವುದು ಮುಗಿಯಲಿಲ್ಲ. 2008ರಲ್ಲಿ ಜೋರು ಮಳೆಯ ನಂತರ ಮಂದಿರದ ಮಾಡಿನಿಂದ ಗಾರೆಯ ದೊಡ್ಡ ಹೆಂಟೆಯೊಂದು ಕಳಚಿ ಬಿತ್ತು. ಮರುವರ್ಷ, ಅಮೆರಿಕದಲ್ಲಿ ಅಪಾಯದಲ್ಲಿರುವ ಹನ್ನೊಂದು ಐತಿಹಾಸಿಕ ತಾಣಗಳ ಪಟ್ಟಿಯಲ್ಲಿ ಇದರ ಹೆಸರೂ ಬಂತು.

ಒಳಗಿನವರ ಪಾಡೂ ಅಷ್ಟಕ್ಕಷ್ಟೆ. ಬಿಸಿಗಾಳಿ ಸಾಗಿಸಲೆಂದು ರೈಟ್ ನಾಲ್ಕು ಮೂಲೆಯ ದಪ್ಪ ಕಂಬಗಳನ್ನು ಟೊಳ್ಳಾಗಿ ಕಟ್ಟಿದ್ದ. ಯೋಚನೆ ಒಳ್ಳೆಯದೇ, ಆದರೆ ಚಳಿಗೆ ಅದು ಸಾಲದೆ ಹೋಯಿತು. ಬೇಸಿಗೆಯಲ್ಲಿ ಗಾಜಿನ ಮಾಡಿನ ಕೆಳಗೆ ಕುಳಿತವರಿಗೆ ಸೆಕೆ. “ಬೇಸಿಗೆಯಲ್ಲಿ ಪ್ರವಚನ ಕೇಳೋಕಿಂತ ಬೀಸಣಿಗೆ ಬೀಸೋದೇ ಹೆಚ್ಚಾಗಿತ್ತು” ಎಂದು ನಮ್ಮ ಮಾರ್ಗದರ್ಶಿ ನಕ್ಕರು.

ದುರಸ್ತಿ ಮಾಡಬೇಕು, ಸರಿ. ಹೇಗೆ? ಮನೆಯಾದರೆ ಗೋಡೆ ಕೊರೆದು ಎಸಿ ಕೂರಿಸುತ್ತೇವೆ, ಸೂರಿನ ಮೇಲೆ ತಗಡು ಹೊದಿಸುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಜನ ಯಾವುದನ್ನು ನೋಡಲು ಬರುತ್ತಾರೋ ಅದೇ ಉಳಿಯುವುದಿಲ್ಲ. ಹಾಗೆಂದು ಏನನ್ನೂ ಮುಟ್ಟದೆ ಬಿಟ್ಟರೆ ತಲೆಯ ಮೇಲೇ ಬೀಳುತ್ತದೆ.

2015ರಲ್ಲಿ ಬಾಗಿಲು ಮುಚ್ಚಿ ಕೆಲಸ ಶುರುಮಾಡಿದರು. ಎರಡು ವರ್ಷ ಚರ್ಚಿನವರು ಬೇರೆ ಕಡೆ ಪ್ರಾರ್ಥನೆ ನಡೆಸಿದರು. ಹಳೆಯ ಕಟ್ಟಡಗಳ ಜೀರ್ಣೋದ್ಧಾರದಲ್ಲಿ ಹೆಸರಾದ ಗನ್ನಿ ಹಾರ್ಬೊ ಎಂಬ ವಾಸ್ತುಶಿಲ್ಪಿಯ ತಂಡ ಕೆಲಸ ವಹಿಸಿಕೊಂಡಿತು. ಸೂರುಗಳನ್ನು ಸರಿಪಡಿಸಿದರು. ಹಾಳಾದ ಕಾಂಕ್ರೀಟನ್ನು ಕೆತ್ತಿ ತೆಗೆದು, ಬಣ್ಣವೂ ಕಲ್ಲಿನ ಹರಳೂ ಹೊಂದುವಂಥ ಹೊಸ ಕಾಂಕ್ರೀಟಿನಿಂದ ತೇಪೆ ಹಾಕಿದರು. ಗಾಜುಗಳನ್ನು ಬಿಚ್ಚಿ, ತೊಳೆದು, ಮತ್ತೆ ಕೂರಿಸಿದರು. ಒಳಗೋಡೆಯಲ್ಲಿ ವರ್ಷವರ್ಷವೂ ಬಳಿದ ಬಣ್ಣಗಳ ಪದರಗಳಡಿ ಅಡಗಿದ್ದ ರೈಟ್‌ನ ಮೂಲ ಬಣ್ಣಗಳನ್ನು ಪತ್ತೆಹಚ್ಚಿ ಅದೇ ಬಣ್ಣ ಬಳಿದರು. ಒಟ್ಟು ಖರ್ಚು ಎರಡೂವರೆ ಕೋಟಿ ಡಾಲರ್. ಆಗಿನ ದರದಲ್ಲಿ ಸುಮಾರು 160 ಕೋಟಿ ರೂಪಾಯಿ. ಹಳೆಯ ಗುಮಾಸ್ತನಾದ ನನಗೆ ಲೆಕ್ಕ ಕೇಳಿಯೇ ಬೆವರು ಬಂತು. ಅಷ್ಟರಲ್ಲಿ ಎಷ್ಟೋ ಭಾಗ ದಾನಿಗಳಿಂದ ಬಂದದ್ದು.

ಈಗ ತಂಪಿನ ಗುಟ್ಟು. ಆವರಣದಲ್ಲಿ ಒಂಬತ್ತು ಬೋರ್‌ವೆಲ್ ಕೊರೆದರು, ಒಂದೊಂದೂ 500 ಅಡಿ ಆಳ. ನೀರೆತ್ತಲು ಅಲ್ಲ. ಮಕ್ಕಳೇ, ಹಳ್ಳಿಯಲ್ಲಿ ಅಜ್ಜನ ಮನೆ ಇದ್ದರೆ ಕೇಳಿ ನೋಡಿ: ಬಾವಿಯ ನೀರು ಚಳಿಗಾಲದ ಮುಂಜಾನೆ ಬೆಚ್ಚಗಿರುತ್ತದೆ, ಬಿರುಬೇಸಿಗೆಯಲ್ಲಿ ತಣ್ಣಗಿರುತ್ತದೆ. ನಿಜವಾಗಿ ಬಾವಿಯ ನೀರು ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಬದಲಾಗುವುದು ಹೊರಗಿನ ಗಾಳಿ. ನೆಲದ ಆಳದಲ್ಲಿ ಋತು ಬದಲಾಗುವುದಿಲ್ಲ. ಷಿಕಾಗೊದಲ್ಲಿ ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದರೂ, ಬೇಸಿಗೆಯಲ್ಲಿ ಮೂವತ್ತೈದು ದಾಟಿದರೂ, ಆಳದ ಮಣ್ಣು ಹನ್ನೆರಡು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಆ ಬೋರ್‌ವೆಲ್‌ಗಳೊಳಗೆ ಕೊಳವೆ ಇಳಿಸಿ ಅದರಲ್ಲಿ ದ್ರವವನ್ನು ಸುತ್ತಿಸುತ್ತಾರೆ. ಬೇಸಿಗೆಯಲ್ಲಿ ಮಂದಿರದ ಸೆಕೆಯನ್ನು ಅದು ಹೊತ್ತುಕೊಂಡು ಹೋಗಿ ನೆಲಕ್ಕೆ ಬಿಡುತ್ತದೆ. ಚಳಿಗಾಲದಲ್ಲಿ ನೆಲದ ಬಿಸಿಯನ್ನು ತಂದು ಮಂದಿರಕ್ಕೆ ಕೊಡುತ್ತದೆ. ನಡುವೆ ಫ್ರಿಜ್ಜಿನಲ್ಲಿರುವಂಥದ್ದೇ ಒಂದು ಯಂತ್ರ. ನಾನು ಇದನ್ನು ಬ್ಯಾಂಕಿನ ಭಾಷೆಯಲ್ಲಿ ಅರ್ಥಮಾಡಿಕೊಂಡೆ: ಬೇಸಿಗೆಯಲ್ಲಿ ನೆಲದಲ್ಲಿ ಬಿಸಿ ಜಮಾ, ಚಳಿಗಾಲದಲ್ಲಿ ಅದೇ ಖಾತೆಯಿಂದ ತೆಗೆತ.

ತಂಪು ಗಾಳಿ ಹರಿಯುವ ಹಾದಿಗಳನ್ನು ಕಣ್ಣಿಗೆ ಬೀಳದಂತೆ ಹುದುಗಿಸಿದ್ದಾರೆ. ರೈಟ್ ಎದ್ದುಬಂದರೂ, ತಾನು ಕಟ್ಟಿದ್ದು ಹಾಗೇ ಇದೆಯಲ್ಲ ಎಂದುಕೊಂಡಾನು. ಸೆಕೆ ಇಲ್ಲದ್ದನ್ನು ನೋಡಿ ಆಮೇಲೆ ಅನುಮಾನ ಪಟ್ಟಾನು. 2017ರ ಜೂನ್‌ನಲ್ಲಿ ಮಂದಿರ ಮತ್ತೆ ತೆರೆಯಿತು. 2019ರಲ್ಲಿ ಯುನೆಸ್ಕೊ ರೈಟ್‌ನ ಎಂಟು ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅದರಲ್ಲೊಂದಾಯಿತು. ನಮ್ಮ ಹಂಪಿ, ಪಟ್ಟದಕಲ್ಲು, ಬೇಲೂರು ಹಳೇಬೀಡುಗಳಿರುವ ಪಟ್ಟಿಯೇ ಅದು.

ಅಷ್ಟರಲ್ಲಿ ಪುಟ್ಟಿ ಕಾಣಲಿಲ್ಲ. ನೋಡಿದರೆ ಮೇಲಿನ ಉಪ್ಪರಿಗೆಯಲ್ಲಿದ್ದಳು. “ಅಜ್ಜಿ, ಇಲ್ಲಿಂದ ಗಾಜು ಕೈಗೇ ಸಿಗೋ ಹಾಗಿದೆ! ಬನ್ನಿ!” ಎಂದು ಕೈ ಬೀಸಿದಳು. ಅಜ್ಜಿ ಕೆಳಗಿನ ಬೆಂಚಿನಲ್ಲಿ ಕುಳಿತು ತಲೆ ಎತ್ತಿ ನೋಡಿದಳು. ಮೆಟ್ಟಿಲಿನ ಕಡೆಗೂ ಒಮ್ಮೆ ನೋಡಿದಳು. “ನೀವು ಹೋಗಿ ಬನ್ನಿ. ನಾನು ಇಲ್ಲಿಂದಲೇ ನೋಡ್ತೀನಿ” ಎಂದಳು ನನಗೆ. ದನಿಯಲ್ಲಿ ಬೇಸರವೇನೂ ಇರಲಿಲ್ಲ. ಅದೇ ನನಗೆ ಚುಚ್ಚಿತು. ಆರು ವರ್ಷದಲ್ಲಿ “ನೀವು ಹೋಗಿ ಬನ್ನಿ” ಎನ್ನುವುದು ಅವಳಿಗೆ ರೂಢಿಯಾಗಿಬಿಟ್ಟಿದೆ.

ನಾನು ಹೋಗಲಿಲ್ಲ, ಅವಳ ಪಕ್ಕದಲ್ಲೇ ಕುಳಿತೆ. ಕುಳಿತಾಗ ನನಗೆ ನೆನಪಾದದ್ದು ನಲವತ್ತು ವರ್ಷ ಹಿಂದಿನ ಒಬ್ಬ ಮೇಷ್ಟ್ರು.

ನಾನು ಆಗ ಒಂದು ತಾಲ್ಲೂಕು ಕೇಂದ್ರದ ಶಾಖೆಯಲ್ಲಿ ಗುಮಾಸ್ತ. ಬ್ಯಾಂಕು ಇದ್ದದ್ದು ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಇಪ್ಪತ್ತೆರಡು ಮೆಟ್ಟಿಲು, ಕಡಿದಾದವು. ತಿಂಗಳ ಮೊದಲ ದಿನಗಳಲ್ಲಿ ಪಿಂಚಣಿದಾರರು ಬರುತ್ತಿದ್ದರು. ಅವರಲ್ಲಿ ಒಬ್ಬರು ನಿವೃತ್ತ ಶಾಲಾ ಮೇಷ್ಟ್ರು. ಪಾರ್ಶ್ವವಾಯು ಬಡಿದ ಮೇಲೆ ಅವರಿಗೆ ಹತ್ತಲು ಆಗುತ್ತಿರಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಕುಳಿತು ಮೊಮ್ಮಗನನ್ನು ಮೇಲೆ ಕಳಿಸುತ್ತಿದ್ದರು. ನಾನು ಇಳಿದುಹೋಗಿ ಚೀಟಿಗೆ ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಕೆಲವು ತಿಂಗಳು ಹೀಗೆ ನಡೆಯಿತು. ಆಮೇಲೆ ತಪಾಸಣೆಗೆ ಬಂದವರು, ಕೌಂಟರ್ ಬಿಟ್ಟು ಹೀಗೆ ಹೋಗುವಂತಿಲ್ಲ ಎಂದು ಬರೆದರು. ನಾನು ನಿಲ್ಲಿಸಿದೆ. ನವೆಂಬರ್ ಬಂತು. ಪಿಂಚಣಿದಾರರು ತಾವು ಬದುಕಿದ್ದೇವೆಂಬ ಪ್ರಮಾಣಪತ್ರ ಕೊಡಬೇಕಾದ ತಿಂಗಳು. ಮೇಷ್ಟ್ರು ಖುದ್ದಾಗಿ ಬರಬೇಕೆಂದು ಮೇಲಿನಿಂದ ಹೇಳಿಕಳಿಸಿದರು. ಇಬ್ಬರು ಹಮಾಲರು ಅವರನ್ನು ಮರದ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಬಟ್ಟೆ ಅಂಗಡಿಯ ಗಿರಾಕಿಗಳೆಲ್ಲ ನಿಂತು ನೋಡಿದರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು ಕಣ್ಣು ಮುಚ್ಚಿಕೊಂಡು ಕುರ್ಚಿಯಲ್ಲಿ ಕುಳಿತಿದ್ದರು. ನನ್ನ ಮುಂದೆ ಬಂದಾಗ ಕಣ್ಣು ತೆರೆದು, “ನೋಡಪ್ಪ, ಬದುಕಿದ್ದೀನಿ” ಎಂದರು.

ನಾನು ರಿಜಿಸ್ಟರ್ ಮುಂದಿಟ್ಟೆ. ಬೇರೇನೂ ಹೇಳಲು ತೋಚಲಿಲ್ಲ. ಮರುವರ್ಷದ ನವೆಂಬರ್ ತಿಂಗಳಿಗೆ ಅವರು ಇರಲಿಲ್ಲ.

ನಿಯಮ ಮುರಿದೆ ಎಂದು ನನಗೆ ಯಾವತ್ತೂ ಪಶ್ಚಾತ್ತಾಪವಾಗಿಲ್ಲ. ಒಂದು ಸಾಲು ಬರೆದದ್ದಕ್ಕೆ ಹೆದರಿ ನಿಲ್ಲಿಸಿದೆನಲ್ಲ, ಶಾಖೆಯನ್ನು ಕೆಳಗಿಳಿಸಿ ಎಂದು ಒಂದು ಅರ್ಜಿಯನ್ನಾದರೂ ಬರೆಯಲಿಲ್ಲವಲ್ಲ, ಅದು ಇಂದಿಗೂ ಕಾಡುತ್ತದೆ. ಮೆಟ್ಟಿಲು ಇರುವುದೇ ಹಾಗೆ ಎಂದುಕೊಂಡಿದ್ದೆವು ಎಲ್ಲರೂ. ಈಗ 2014ರಿಂದ ಜೀವನ ಪ್ರಮಾಣಪತ್ರವನ್ನು ಮನೆಯಲ್ಲಿದ್ದೇ ಬೆರಳಚ್ಚಿನಿಂದ ಕೊಡಬಹುದು. 2016ರ ಕಾಯ್ದೆ, ಸಾರ್ವಜನಿಕ ಕಟ್ಟಡಗಳಿಗೆ ಅಂಗವಿಕಲರೂ ಸುಲಭವಾಗಿ ಬರುವಂತಿರಬೇಕೆಂದು ಹೇಳುತ್ತದೆ. ಮೇಷ್ಟ್ರಿಗೆ ಇವೆರಡೂ ತಡವಾಗಿ ಬಂದವು.

ಪುಟ್ಟಿ ಇಳಿದು ಬಂದು ಅಜ್ಜಿಯ ಪಕ್ಕ ಕುಳಿತಳು. ಅವಳದೂ ಅದೇ ಪ್ರಶ್ನೆ. “ಐನೂರು ಅಡಿ ಬೋರ್‌ವೆಲ್ ಕೊರೆದು ಗೊತ್ತಾಗದ ಹಾಗೆ ಎಸಿ ಮಾಡಿದ್ರಲ್ಲ ತಾತ, ಅಜ್ಜಿಗೆ ಮೇಲೆ ಹೋಗೋಕೆ ಯಾಕೆ ಏನೂ ಮಾಡೋಕಾಗಲ್ಲ?”

ಉತ್ತರ ಸುಲಭವಲ್ಲ. ತಗ್ಗಿನ ಕತ್ತಲ ಓಣಿ, ತಿರುವು, ಮೆಟ್ಟಿಲು, ತಟ್ಟನೆ ಬೆಳಕು. ಅಜ್ಜಿ “ಅಯ್ಯೋ ಭಗವಂತ” ಎಂದದ್ದು ಆ ಏರಿಳಿತದಿಂದಲೇ. ಮೆಟ್ಟಿಲುಗಳನ್ನು ಕಿತ್ತು ಸಮ ಮಾಡಿದರೆ ಬರುವುದು ಸುಲಭವಾಗುತ್ತದೆ, ಆದರೆ ಬಂದು ಕಾಣುವುದು ಇದಾಗಿರುವುದಿಲ್ಲ. ಉಪ್ಪರಿಗೆಯ ನಡುವೆ ಲಿಫ್ಟ್ ನಿಲ್ಲಿಸಿದರೆ ಗೋಡೆ ಒಡೆಯಬೇಕು. ಅಮೆರಿಕದಲ್ಲಿ ಅಂಗವಿಕಲರ ಹಕ್ಕಿನ ಕಾಯ್ದೆ 1990ರಲ್ಲೇ ಬಂದಿದೆ. ಐತಿಹಾಸಿಕ ಕಟ್ಟಡದ ಮಹತ್ವವೇ ಕೆಡುವಂತಿದ್ದರೆ ಬೇರೆ ದಾರಿ ಹುಡುಕಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಚರ್ಚುಗಳಿಗಂತೂ ಆ ಕಾಯ್ದೆಯಿಂದ ವಿನಾಯಿತಿಯೇ ಇದೆ. ಅಂದರೆ ದೇವರ ಮನೆಯಲ್ಲಿ ದಾರಿ ಮಾಡಿಕೊಡುವ ಕೆಲಸವನ್ನು ಕಾನೂನು ಜನರ ಮನಸ್ಸಿಗೇ ಬಿಟ್ಟಿದೆ.

ಮನಸ್ಸು ಮಾಡಿದವರಿದ್ದಾರೆ. ಆಸ್ಟ್ರಿಯಾದ ವಿಯೆನ್ನಾ ನಗರದ ಅಂಚಿನಲ್ಲಿ, ದಿಣ್ಣೆಯೊಂದರ ಮೇಲೆ, ಶಿಲ್ಪಿ ಫ್ರಿಟ್ಸ್ ವೊಟ್ರುಬ ಕಲ್ಪಿಸಿದ ಚರ್ಚೊಂದಿದೆ. 152 ಕಾಂಕ್ರೀಟ್ ದಿಮ್ಮಿಗಳನ್ನು ಮಕ್ಕಳು ಆಟಕ್ಕೆ ಪೇರಿಸಿದಂತೆ ಒಂದರ ಮೇಲೊಂದು ಇಟ್ಟು 1976ರಲ್ಲಿ ಮುಗಿಸಿದ್ದು. ಅಲ್ಲಿಗೂ ಮೆಟ್ಟಿಲು ಹತ್ತಿಯೇ ಹೋಗಬೇಕಿತ್ತು. ಈಚಿನ ವರ್ಷಗಳಲ್ಲಿ ಅಲ್ಲಿ ಲಿಫ್ಟ್ ಕಟ್ಟಿದ್ದಾರೆ. ಶಿಲ್ಪದಂತಿರುವ ಕಟ್ಟಡದ ಪಕ್ಕ ಲಿಫ್ಟ್ ಬೇಕೇ ಎಂದು ಆಕ್ಷೇಪವೂ ಬಂದಿತ್ತು. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಆ ಆಕ್ಷೇಪ ಹೇಗೆ ಕೇಳಿಸಿರಬಹುದು ಎಂದು ನಾನು ಯೋಚಿಸುತ್ತೇನೆ. ಅವರು ಆ ಶಿಲ್ಪವನ್ನು ಅದುವರೆಗೆ ಹೊರಗಿನಿಂದ ಮಾತ್ರ ನೋಡಿದವರು.

ಪುಟ್ಟಿಗೆ ನಾನು ಇಷ್ಟೇ ಹೇಳಿದೆ: “ಸೆಕೆಗೆ ಉಪಾಯ ಹುಡುಕೋಕೆ ಅವರಿಗೆ ನೂರು ವರ್ಷ ಬೇಕಾಯ್ತು ಪುಟ್ಟಿ. ಗೋಡೆ ಮುಟ್ಟದೆ, ನೆಲದ ಕೆಳಗೆ ಉಪಾಯ ಸಿಕ್ತು. ಇದಕ್ಕೂ ಎಲ್ಲೋ ಒಂದು ಕಡೆ ಇರುತ್ತೆ. ನೀನು ದೊಡ್ಡವಳಾಗಿ ಹುಡುಕು.”

ಅವಳು ನನಗಿಂತ ಜಾಣೆ. ದೊಡ್ಡವಳಾಗುವವರೆಗೆ ಕಾಯಲಿಲ್ಲ. ತಾಯಿಯ ಫೋನ್ ತೆಗೆದುಕೊಂಡು ಮತ್ತೆ ಮೇಲೆ ಓಡಿದಳು. ನನ್ನ ಫೋನಿಗೆ ವಿಡಿಯೊ ಕರೆ ಬಂತು. ಅಜ್ಜಿ ಕೆಳಗೆ ಬೆಂಚಿನಲ್ಲಿ ಕುಳಿತೇ ಉಪ್ಪರಿಗೆಯ ಮೂಲೆಮೂಲೆಯನ್ನೂ ನೋಡಿದಳು. ಗಾಜಿನ ಗೆರೆಗಳು, ಮರದ ಪಟ್ಟಿಗಳು, ಕೊನೆಗೆ ಮೇಲಿನಿಂದ ಕಾಣುವ ತನ್ನದೇ ಬೈತಲೆ. “ಅಯ್ಯೋ, ಕೂದಲು ಎಷ್ಟು ಉದುರಿದೆ!” ಎಂದು ಜೋರಾಗಿ ನಕ್ಕಳು. ಮಂದಿರದಲ್ಲಿದ್ದ ನಾಲ್ಕಾರು ಜನ ತಿರುಗಿ ನೋಡಿ ತಾವೂ ನಕ್ಕರು. ಆ ಕಟ್ಟಡದಲ್ಲಿ ದನಿ ಎಷ್ಟು ಚೆನ್ನಾಗಿ ಕೇಳಿಸುತ್ತದೆಂದು ನನಗೆ ಗೊತ್ತಾದದ್ದು ಆಗ.

ಹೊರಡುವಾಗ ಬಂದ ದಾರಿಯಲ್ಲಿ ಹೋಗಬೇಕಿಲ್ಲ. ವೇದಿಕೆಯ ಇಕ್ಕೆಲದಲ್ಲಿರುವ ಬಾಗಿಲುಗಳು ನೇರ ಹಜಾರಕ್ಕೆ ತೆರೆದುಕೊಳ್ಳುತ್ತವೆ. ಪ್ರವಚನ ಮುಗಿಸಿದ ಗುರುವಿಗೆ ಬೆನ್ನು ತಿರುಗಿಸಿ ಹೋಗದೆ, ಅವರ ಹತ್ತಿರ ಬಂದು, ಕೈಕುಲುಕಿ ಹೋಗಲಿ ಎಂದು ರೈಟ್ ಹಾಗೆ ಮಾಡಿದ. ನಮ್ಮ ಮಾರ್ಗದರ್ಶಿಯೇ ಆ ಬಾಗಿಲು ತೆರೆದು, ನನ್ನಾಕೆಯ ತೋಳು ಹಿಡಿದು ಇಳಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಮಂಡಿ ತೋರಿಸಿಕೊಂಡು ಏನೇನೋ ಮಾತಾಡಿಕೊಂಡರು.

ಊರಿಗೆ ಬಂದ ಮೇಲೆ ನಾನು ಒಂದು ಅರ್ಜಿ ಬರೆದೆ. ನಲವತ್ತು ವರ್ಷ ತಡವಾದ ಅರ್ಜಿ ಎನ್ನಿ. ನಮ್ಮ ಬಡಾವಣೆಯ ವಾಚನಾಲಯಕ್ಕೆ ಮೂರು ಮೆಟ್ಟಿಲು, ಎತ್ತರದವು, ಹಿಡಿದುಕೊಳ್ಳಲು ಏನೂ ಇಲ್ಲ. ಓದುವ ಹಿರಿಯರಲ್ಲಿ ಎಷ್ಟೋ ಜನ ಬರುವುದನ್ನೇ ಬಿಟ್ಟಿದ್ದರು. ಒಂದು ಪಕ್ಕಕ್ಕೆ ಕಬ್ಬಿಣದ ಕಂಬಿ, ಇನ್ನೊಂದು ಪಕ್ಕಕ್ಕೆ ಗಾಲಿಕುರ್ಚಿ ಬರುವಂತೆ ಇಳಿಜಾರು ಬೇಕೆಂದು ಕೇಳಿದೆ. ಇಳಿಜಾರು ಇನ್ನೂ ಚರ್ಚೆಯಲ್ಲಿದೆ, ಬಿಡುವುದಿಲ್ಲ ನಾನು. ಕಂಬಿ ಮಾತ್ರ ಒಂದೇ ವಾರದಲ್ಲಿ ಬಂತು.

ಮಕ್ಕಳೇ, ನಿಮಗೊಂದು ಕೆಲಸ. ಈ ಭಾನುವಾರ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಅವರು ದಿನಾ ಹೋಗುವ ದಾರಿಯಲ್ಲೊಮ್ಮೆ ನಡೆಯಿರಿ. ಗುಡಿ, ಬ್ಯಾಂಕು, ಹಾಲಿನ ಬೂತು, ಬಸ್‌ಸ್ಟಾಪು. ಎಲ್ಲೆಲ್ಲಿ ಎಷ್ಟು ಮೆಟ್ಟಿಲಿದೆ, ಕಂಬಿ ಇದೆಯೇ, ಕೂರಲು ಕಟ್ಟೆ ಇದೆಯೇ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅವರು ಈಗ ಎಲ್ಲಿಗೆ ಹೋಗುವುದನ್ನು ಬಿಟ್ಟಿದ್ದಾರೆಂದೂ ಕೇಳಿ. ಅವರಾಗಿ ಹೇಳುವುದಿಲ್ಲ.

ಮೊನ್ನೆ ಪುಟ್ಟಿ ಫೋನ್ ಮಾಡಿದ್ದಳು. “ಅಜ್ಜಿ ಎಲ್ಲಿ?” ಎಂದಳು. ವಾಚನಾಲಯಕ್ಕೆ ಹೋಗಿದ್ದಾಳೆ, ಒಬ್ಬಳೇ ಹೋಗಿದ್ದಾಳೆ ಎಂದೆ.

“ಎಷ್ಟು ಮೆಟ್ಟಿಲು?”

“ಮೂರು. ಕಂಬಿ ಇದೆ.”